ಎತ್ತು ಏರಿಗೆ, ಕೋಣ ನೀರಿಗೆ, ನಡುವೆ ಹಬ್ಬು

"ಮೊದಲು ಆ ಮೌಸ್ ಕಿತ್ತು ಪಕ್ಕಕ್ಕಿಡು," ಅಂದ ಸೀನ. "ಹಾರ್ಡ್ ಡಿಸ್ಕ್ ಇರೋ ಯುಎಸ್‌ಬಿ ಹಬ್ಬಿಗೇ, ಅಂದ್ರೆ ಒಂದು ಪೋರ್ಟನ್ನ ಹಲವು ಮಾಡೋ ಆ ಡಬ್ಬಿಗೇ, ಅದನ್ನೂ ಸಿಕ್ಕಿಸಿದ್ರೆ ಎರಡೂ ಮೌಸಿನ ನಡಿಗೆಗೆ ಇಳಿಯುತ್ತವೆ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ."

"ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ್ರೆ ತಾನೆ?" ಲತಾ ನಕ್ಕಳು. "ಸಾಮಾನ್ಯ ತಂತಿ ಮೌಸ್ ಸೆಕೆಂಡಿಗೆ 1.5 ಮೆಗಾಬಿಟ್‌ನದ್ದು. ಯುಎಸ್‌ಬಿ 2.0 ಡಿಸ್ಕ್ 480ರದ್ದು. ಹಬ್ಬೂ 2.0 ಆದ್ರೆ ಕಂಪ್ಯೂಟರಿನಿಂದ ಅದರ ತನಕ ಮಾತುಕತೆಯೆಲ್ಲ 480ರಲ್ಲೇ. ಹಬ್ಬಿನೊಳಗೆ ಟ್ರಾನ್ಸಾಕ್ಷನ್ ಟ್ರಾನ್ಸ್‌ಲೇಟರ್ ಅಂತ ಒಬ್ಬ ದುಭಾಷಿ ಕೂತಿರ್ತಾನೆ. ಕಂಪ್ಯೂಟರ್ ಅವನಿಗೆ 'ಮೌಸನ್ನ ವಿಚಾರಿಸಿಡು' ಅಂತ ಹೇಳಿ ಡಿಸ್ಕಿನ ಕಡೆ ತಿರುಗುತ್ತೆ. ಅದು ಸ್ಟಾರ್ಟ್ ಸ್ಪ್ಲಿಟ್. ಅವನು ಮೌಸಿನ ಹತ್ರ ಅದರ ನಿಧಾನದಲ್ಲೇ ಮಾತಾಡಿ ಉತ್ತರ ಇಟ್ಕೊಂಡಿರ್ತಾನೆ. ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ಬಂದು 'ಏನಂತೆ?' ಅನ್ನುತ್ತೆ. ಅದು ಕಂಪ್ಲೀಟ್ ಸ್ಪ್ಲಿಟ್."

"ಅಷ್ಟರಲ್ಲಿ ಮುಗಿದಿಲ್ಲದಿದ್ರೆ?"

"ನ್ಯೆಟ್ ಅಂತಾನೆ. ಇನ್ನೂ ಆಗಿಲ್ಲ, ಆಮೇಲೆ ಬಾ ಅಂತ."

"ದುಭಾಷಿ ಎಲ್ಲಿ ಬಂತು, ಕಚೇರಿ ಗುಮಾಸ್ತ ಅನ್ನು," ಅಂದ ಮಂಜ. "ಅಲ್ಲಾ, ತಾನು ನಿಧಾನ ಅಂತ ಮೌಸ್ ತಾನಾಗೇ ಒಪ್ಕೊಳ್ಳುತ್ತಾ? ಸೀನ ಇಷ್ಟು ವರ್ಷದಲ್ಲಿ ಒಪ್ಕೊಂಡಿಲ್ಲ."

"ಮೌಸಿಗೆ ಒಂದು ರೆಸಿಸ್ಟರ್ ಇದೆ, ಸೀನನಿಗಿಲ್ಲ. ಡೇಟಾ ತಂತಿ ಎರಡು: ಡಿ ಪ್ಲಸ್, ಡಿ ಮೈನಸ್. ಪೋರ್ಟಿನ ಕಡೆಯಿಂದ 15 ಕಿಲೋ ಓಮ್ ರೆಸಿಸ್ಟರುಗಳು ಎರಡರ ವೋಲ್ಟೇಜನ್ನೂ ಕೆಳಗೆ ಹಿಡಿದಿರುತ್ತವೆ. ಸಿಕ್ಕಿಸಿದ ಸಾಧನ 1.5 ಕಿಲೋ ಓಮ್‌ನಿಂದ ಡಿ ಮೈನಸ್ಸನ್ನ ಮೇಲೆಳೆದ್ರೆ 1.5 ಮೆಗಾಬಿಟ್, ಡಿ ಪ್ಲಸ್ಸನ್ನ ಎಳೆದ್ರೆ 12. ಬೆಸುಗೆ ಹಾಕುವಾಗ ತಂತಿ ಅದಲುಬದಲಾದ್ರೆ ನೋಡ್ಬೇಕು ಮಜಾ. 12ರದ್ದು 1.5ರ ವೇಷದಲ್ಲಿ ಬರುತ್ತೆ, ಮಾತು ಮಾತ್ರ ಹೊಂದಲ್ಲ. ಸಾಧನದ ಗುರುತೇ ಸಿಗ್ತಿಲ್ಲ ಅಂತ ಕಂಪ್ಯೂಟರ್ ಕೈಚೆಲ್ಲುತ್ತೆ."

"480ರದ್ದು ಯಾವ ತಂತಿ ಎಳೆಯುತ್ತೆ?"

"ಅದೂ ಮೊದಲು 12ರ ಹಾಗೇ ಡಿ ಪ್ಲಸ್ ಎಳೆದು ಬರುತ್ತೆ. ಪೋರ್ಟ್ ರೀಸೆಟ್ ಮಾಡಿದಾಗ ಚಿರ್ಪ್ ಅಂತ ಒಂದು ಕೂಗು ಹಾಕುತ್ತೆ. ಹಬ್ಬು ಕೆ-ಜೆ, ಕೆ-ಜೆ ಅಂತ ಎರಡು ಸಂಕೇತ ಒಂದಾದ ಮೇಲೊಂದು ಕಳಿಸಿ ಓಗೊಡುತ್ತೆ. ಮೂರು ಜೋಡಿ ಕೇಳಿಸಿದ್ರೆ ರೆಸಿಸ್ಟರ್ ಬಿಟ್ಟು 480ಕ್ಕೆ ಜಿಗಿಯುತ್ತೆ. ಓಗೊಡೋರಿಲ್ಲದಿದ್ರೆ 12ರಲ್ಲೇ ಬಿದ್ದಿರುತ್ತೆ."

"ಹಾಗಾದ್ರೆ ನನ್ನ ಗಾದೆ ಸುಳ್ಳಾ?" ಸೀನನಿಗೆ ಬೇಜಾರು.

"ಹಳೇ ಯುಎಸ್‌ಬಿ 1.1ರ ಹಬ್ಬಿನಲ್ಲಿ ನಿಜ. ಅದರಲ್ಲಿ ದುಭಾಷಿನೇ ಇಲ್ಲ. ಹಿಂದೆ ಏನೇ ಸಿಕ್ಕಿಸು, 12 ದಾಟಲ್ಲ. ಅದರ ಜೊತೆಗೆ ಮೌಸಿನ ಒಂದು ಬಿಟ್ ಹೋಗೋ ಹೊತ್ತಲ್ಲಿ ಬೇರೆಯವರ ಎಂಟು ಬಿಟ್ ಹೋಗ್ಬಹುದಿತ್ತು. 2.0 ಹಬ್ಬಿನಲ್ಲೂ ಒಂದು ಕಿತಾಪತಿ ಇದೆ. ಟಿಟಿ ಅಂದ್ರೆ ಆ ದುಭಾಷಿನೇ. ಸಿಂಗಲ್ ಟಿಟಿ ಆದ್ರೆ ಇಡೀ ಹಬ್ಬಿಗೆ ಅವನೊಬ್ಬನೇ, ನಿಧಾನದವಕ್ಕೆಲ್ಲ ಸೇರಿ 12 ಮೆಗಾಬಿಟ್. 12ರ ಸೌಂಡ್ ಕಾರ್ಡ್ ಎರಡು ಮೂರು ಹಾಕಿದ್ರೆ ದನಿ ಕತ್ತರಿಸಬಹುದು, ಇಲ್ಲಾ ಬ್ಯಾಂಡ್‌ವಿಡ್ತ್ ಸಾಲದು ಅಂತ ಕೊನೆಯದು ಏಳದೇ ಇರಬಹುದು. ಮಲ್ಟಿ ಟಿಟಿಯಲ್ಲಿ ಪೋರ್ಟಿಗೊಬ್ಬ ದುಭಾಷಿ. ಡಿಸ್ಕ್ ಮಾತ್ರ ಎರಡರಲ್ಲೂ ಆರಾಮ."

"ಇಷ್ಟೆಲ್ಲ ಯಾಕೆ? 3.0 ಹಬ್ ಹಾಕ್ಬಿಡು, ಎಲ್ಲಕ್ಕೂ 5 ಗಿಗಾಬಿಟ್!"

"ಅಯ್ಯೋ ಮಂಜ, ಆ ಡಬ್ಬಿಯೊಳಗಿರೋದು ಎರಡು ಹಬ್ಬು. ಹಳೇ ಜೋಡಿ ತಂತಿಗೆ 2.0ದು, ಹೊಸ ಎರಡು ಜೋಡಿಗೆ ಸೂಪರ್‌ಸ್ಪೀಡ್ ಅನ್ನೋ ನಿನ್ನ 5 ಗಿಗಾಬಿಟ್‌ನದ್ದು. ಅದಕ್ಕೂ ಇದಕ್ಕೂ ಮಾತಿಲ್ಲ, ಕತೆಯಿಲ್ಲ."

"ಒಂದೇ ಮನೆ, ಎರಡು ಒಲೆ."

"ಹೂಂ. 2.0 ಡಿಸ್ಕ್ ನಾಲ್ಕು ಹಾಕಿದ್ರೆ ನಾಲ್ಕೂ ಅದೇ ಒಂದು 480ನ್ನ ಹಂಚ್ಕೋಬೇಕು. ಕೈಗೆ ಹತ್ತೋದು ಎಲ್ಲ ಸೇರಿ ಸೆಕೆಂಡಿಗೆ 35-40 ಮೆಗಾಬೈಟ್. ಇನ್ನು 3.0 ಡಿಸ್ಕೇ ಅಷ್ಟರಲ್ಲಿ ತೆವಳ್ತಿದ್ರೆ, ಅದು 2.0 ಆಗಿ ಕೂತಿದೆ ಅಂತ ಲೆಕ್ಕ. ಕೇಬಲ್ ನೋಡು, ಟೈಪ್-ಸಿ ಅಂದ ಮಾತ್ರಕ್ಕೆ ಒಳಗೆ ಹೊಸ ತಂತಿ ಇರಲೇಬೇಕು ಅಂತಿಲ್ಲ, ಚಾರ್ಜರ್ ಜೊತೆ ಬರೋ ಎಷ್ಟೋ ಕೇಬಲ್ 2.0 ಮಾತ್ರ. ಅಗಲದ ಹಳೇ ನಮೂನೆ ಪ್ಲಗ್ ಆದ್ರೆ ಕಿತ್ತು ಒಂದೇ ಏಟಿಗೆ ತಳ್ಳು. ಮೆಲ್ಲಗೆ ತೂರಿಸಿದ್ರೆ ಹಳೇ ನಾಲ್ಕು ಪಟ್ಟಿ ಮೊದಲು ತಾಗಿ, ಅಷ್ಟಕ್ಕೇ 2.0 ಅಂತ ತೀರ್ಮಾನ ಆಗ್ಬಿಡಬಹುದು. ಲಿನಕ್ಸ್ ಇದ್ರೆ ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಅಂತ ಹೊಡೆದು, ಜಾಗ ಬಿಟ್ಟು, ಹೈಫನ್ ಟಿ ಹಾಕು. ಯಾವುದು ಯಾರ ಹಿಂದಿದೆ, 12ರಲ್ಲಿದೆಯೋ 480ರಲ್ಲಿದೆಯೋ 5000ದಲ್ಲಿದೆಯೋ, ಮರದ ಹಾಗೆ ಬಿಡಿಸಿ ತೋರಿಸುತ್ತೆ."

"ಸರಿ, ಮೌಸ್ ನಿರಪರಾಧಿ," ಅಂದ ಮಂಜ. "ಮತ್ತೆ ತಂತಿ ಇಲ್ಲದ ಮೌಸ್ 3.0 ಡಿಸ್ಕಿನ ಪಕ್ಕ ಯಾಕೆ ಕುಂಟೋದು?"

"ಅಲ್ಲಿ ಅಪರಾಧಿ ಡಿಸ್ಕು. ಆ 5 ಗಿಗಾಬಿಟ್ ಓಡಾಟದ ಗದ್ದಲ 2.4 ಗಿಗಾಹರ್ಟ್ಸ್ ಹತ್ರವೂ ಸೋರುತ್ತೆ. ಮೌಸಿನ ಡಾಂಗಲ್, ಅಂದ್ರೆ ಪೋರ್ಟಿಗೆ ಸಿಕ್ಕಿಸೋ ಆ ಪುಟ್ಟ ರಿಸೀವರ್, ಕಿವಿಗೊಡೋದೂ ಅಲ್ಲೇ. ಒಂದು ಮೀಟರಿನ 2.0 ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ಲನ್ನ ದೂರ ಇಟ್ರೆ ಸರಿಹೋಗುತ್ತೆ."

ಸೀನ ಎದೆ ಸೆಟೆಸಿದ. "ಅಂದ್ರೆ, ಮೌಸಿಂದು ಕಿತ್ತು ಪಕ್ಕಕ್ಕಿಡಬೇಕು. ಬಂದಾಗಿನಿಂದ ನಾನು ಬಡ್ಕೋತಿರೋದು ಇನ್ನೇನು?"