ಅಪ್‌ಡೇಟ್: ಅಪ್ಪನ ಅಡ್ರಿನಲ್ ಗ್ರಂಥಿಗಳಲ್ಲಿದ್ದದ್ದು ಕ್ಯಾನ್ಸರ್ ಅಲ್ಲ

ಅಪ್ಪನ ಸಿಟಿ ಸ್ಕ್ಯಾನ್‌ನಲ್ಲಿ ಮೂತ್ರಪಿಂಡಗಳ ಮೇಲಿರುವ ಎರಡೂ ಅಡ್ರಿನಲ್ ಗ್ರಂಥಿಗಳು ಊದಿಕೊಂಡಿವೆ, ಇದು ಕ್ಯಾನ್ಸರ್ ಇರಬಹುದೇ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ಅದು ಕ್ಷಯವೆಂದು ಈಗ ಖಚಿತವಾಗಿದೆ.

ಜಯನಗರದಲ್ಲಿ ಮಾಡಿಸಿದ ಮೊದಲ ವರದಿಯಲ್ಲಿ ‘ಮೆಟಾಸ್ಟೇಸಿಸ್ ಸಾಧ್ಯತೆ’ (ಬೇರೆಡೆಯಿಂದ ಹರಡಿದ ಕ್ಯಾನ್ಸರ್ ಇರಬಹುದು) ಎಂದಷ್ಟೇ ಇತ್ತು. ಆ ಒಂದು ಸಾಲು ಮನೆಮಂದಿಯ ನಿದ್ದೆಗೆಡಿಸಿತು. ಎರಡನೆಯ ರೇಡಿಯಾಲಜಿಸ್ಟ್ ಚಿತ್ರಗಳನ್ನು ಪರದೆಯ ಮೇಲೆ ಒಂದೊಂದಾಗಿ ಸರಿಸುತ್ತಾ ತೋರಿಸಿದರು: ಗ್ರಂಥಿಗಳು ದಪ್ಪಗಾಗಿದ್ದರೂ ತಮ್ಮ ಮೂಲ ಆಕಾರವನ್ನು ಹೆಚ್ಚುಕಡಿಮೆ ಉಳಿಸಿಕೊಂಡಿದ್ದವು, ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ದ್ರವ) ಕೊಟ್ಟ ಬಳಿಕ ಅಂಚು ತೆಳುವಾದ ಬಿಳಿ ಉಂಗುರದಂತೆ ಹೊಳೆದರೆ, ಅಂಗಾಂಶ ಸತ್ತುಹೋಗಿದ್ದ ನಡುಭಾಗ ಕಪ್ಪಾಗಿಯೇ ಉಳಿದಿತ್ತು. ಇವು ಕ್ಷಯದ ಸೋಂಕನ್ನು ಸೂಚಿಸುವ ಲಕ್ಷಣಗಳು. ಸೋಂಕು ಹಳೆಯದಾದಂತೆ ಗ್ರಂಥಿ ಕುಗ್ಗಿ ಸುಣ್ಣಗಟ್ಟುತ್ತದೆ. ಅಪ್ಪನಲ್ಲಿ ಆ ಲಕ್ಷಣ ಇನ್ನೂ ಇರಲಿಲ್ಲ.

ಆದರೆ ಹಿಸ್ಟೊಪ್ಲಾಸ್ಮೋಸಿಸ್ ಎಂಬ ಶಿಲೀಂಧ್ರ ಸೋಂಕೂ ಸಿಟಿಯಲ್ಲಿ ಹೀಗೆಯೇ ಕಾಣಬಹುದಾದ್ದರಿಂದ, ಫಿಯೋಕ್ರೊಮೊಸೈಟೋಮಾ (ಸೂಜಿ ತಗುಲಿದರೆ ರಕ್ತದೊತ್ತಡವನ್ನು ಅಪಾಯಕಾರಿಯಾಗಿ ಏರಿಸಬಲ್ಲ ಅಡ್ರಿನಲ್ ಗಡ್ಡೆ) ಇಲ್ಲವೆಂದು ಮೆಟನೆಫ್ರಿನ್ ಪರೀಕ್ಷೆಯಿಂದ ತಿಳಿದುಕೊಂಡ ನಂತರವೇ, ಸಿಟಿ ನೆರವಿನಲ್ಲಿ ಸೂಜಿ ಹಾಕಿ ಬಯಾಪ್ಸಿ ಮಾಡಿದರು.

ಅಂಗೈ ಗೆರೆಗಳೂ ವಸಡೂ ಕಪ್ಪಾಗಿದ್ದುದನ್ನು ನಾವು ಬಿಸಿಲಿನ ಪ್ರಭಾವವೆಂದುಕೊಂಡಿದ್ದೆವು (ವಸಡಿಗೆ ಎಲ್ಲಿಯ ಬಿಸಿಲು!). ಅದು ಅಡ್ರಿನಲ್ ಗ್ರಂಥಿಗಳು ತಯಾರಿಸುವ ಕಾರ್ಟಿಸೋಲ್ ಹಾರ್ಮೋನಿನ ಕೊರತೆಯ, ಅಂದರೆ 1855ರಲ್ಲಿ ಥಾಮಸ್ ಅಡಿಸನ್ ವಿವರಿಸಿದ ಕಾಯಿಲೆಯ ಗುರುತಾಗಿತ್ತು. ಈಗ ಕ್ಷಯದ ಔಷಧದ ಜೊತೆಗೆ ಕಾರ್ಟಿಸೋಲ್ ಕೊರತೆ ತುಂಬುವ ಹೈಡ್ರೊಕಾರ್ಟಿಸೋನ್ ನಡೆಯುತ್ತಿದೆ. ಕ್ಷಯದ ಔಷಧಗಳಲ್ಲೊಂದಾದ ರಿಫಾಂಪಿಸಿನ್ ಈ ಹೈಡ್ರೊಕಾರ್ಟಿಸೋನನ್ನು ದೇಹದಿಂದ ಬೇಗ ಕರಗಿಸುವುದರಿಂದ ವೈದ್ಯರು ಅದರ ಪ್ರಮಾಣವನ್ನು ಹೆಚ್ಚಿಸಿದ್ದಾರೆ. ನಿನ್ನೆ ಅಪ್ಪ ತಲೆಸುತ್ತಿಲ್ಲದೆ ಮಹಡಿ ಹತ್ತಿದರು.