ಯುವಿ ದೀಪ ಉರಿಯುತ್ತಿದ್ದರೆ ನೀರು ಶುದ್ಧ ಅಂತಾನಾ?

ಪ್ರಶ್ನೆ (ಮೈಸೂರಿನಿಂದ): ನಮಸ್ಕಾರ ಸರ್. ನಮ್ಮ ಮನೆಗೆ ಕಾರ್ಪೊರೇಷನ್ ನೀರು ಬರುತ್ತದೆ. ನೆಲದೊಳಗಿನ ಸಂಪ್‌ಗೆ ಬಿದ್ದು ಅಲ್ಲಿಂದ ಮೇಲಿನ ಟ್ಯಾಂಕಿಗೆ ಹೋಗುತ್ತದೆ. ನಾಲ್ಕು ವರ್ಷದಿಂದ ಯುವಿ ಫಿಲ್ಟರ್ ಇದೆ. ಮೊನ್ನೆ ಒಬ್ಬರು ಬಂದು ಲೋಟಕ್ಕೆ ಮೀಟರ್ ಅದ್ದಿ, "ಟಿಡಿಎಸ್ 210 ಇದೆ, ಯುವಿ ಸಾಲದು, ಆರ್‌ಓ ಹಾಕಿಸಿ" ಎಂದರು. ಮೆಷಿನ್ ಒಳಗಿನ ನೀಲಿ ದೀಪ ಇವತ್ತಿಗೂ ಚೆನ್ನಾಗಿಯೇ ಉರಿಯುತ್ತಿದೆ. ಬದಲಾಯಿಸಬೇಕಾ?

ಉತ್ತರ: ಮೇಡಂ, ಮೆಷಿನ್ ಬೇಡ, ದೀಪ ಬದಲಾಯಿಸಿ. ಅದೂ ಈ ವಾರವೇ.

ಮೊದಲು ಮೀಟರ್ ವಿಷಯ. ಅದು ತೋರಿಸುವುದು ನೀರಿನಲ್ಲಿ ಕರಗಿರುವ ಲವಣ ಎಷ್ಟು ಅಂತ ಮಾತ್ರ. ರೋಗಾಣು ಅದಕ್ಕೆ ಕಾಣುವುದೇ ಇಲ್ಲ. ಸಂಪ್‌ಗೆ ಸ್ವಲ್ಪ ಚರಂಡಿ ನೀರು ಸೇರಿದರೂ ಅದರ ಮುಳ್ಳು ಅಷ್ಟಾಗಿ ಅಲುಗದೇ ಇರಬಹುದು! ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ (ಐಎಸ್ 10500) ಲೀಟರಿಗೆ 500 ಮಿಲಿಗ್ರಾಂವರೆಗೆ ಟಿಡಿಎಸ್ ಇದ್ದರೆ ತಕರಾರಿಲ್ಲ. ನಿಮ್ಮದು 210. ಆರ್‌ಓ ಅಂದರೆ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಒತ್ತಿ ಲವಣ ತೆಗೆಯುವ ಮೆಷಿನ್. ಅದನ್ನು ಹಾಕಿಸಿದರೆ ಕುಡಿಯುವ ಒಂದು ಲೀಟರಿಗೆ ಎರಡು ಮೂರು ಲೀಟರ್ ಒಳ್ಳೆಯ ನೀರು ಸುಮ್ನೆ ಮೋರಿಗೆ ಹೋಗುತ್ತದೆ, ಅಷ್ಟೇ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೂಡ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬೇಡ ಎಂದೇ ಹೇಳಿತ್ತು.

ಇನ್ನು ಆ ನೀಲಿ ಬೆಳಕು. ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ರೋಗಾಣುವನ್ನು ಕೆಡಿಸುವ ಬೆಳಕು, ಅಂದರೆ ಯುವಿ (ನೇರಳಾತೀತ ಕಿರಣ), 254 ನ್ಯಾನೊಮೀಟರ್ ಅಲೆಯುದ್ದದ್ದು, ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ನಮಗೆ ಕಾಣುವ ನೀಲಿ ಅದರ ಜೊತೆಗೆ ಬರುವ ಬೇರೆ ಬೆಳಕು. ದೀಪ ಹಳತಾದ ಹಾಗೆ ಕಾಣದ ಬೆಳಕು ಕುಗ್ಗುತ್ತಾ ಹೋಗುತ್ತದೆ, ನೀಲಿ ಮಾತ್ರ ಹಾಗೇ ಇರುತ್ತದೆ. ಇಂಥ ದೀಪದ ಆಯಸ್ಸು ಸುಮಾರು 8,000-9,000 ಗಂಟೆ. ಹಗಲು ರಾತ್ರಿ ಉರಿದರೆ ಒಂದು ವರ್ಷ. ನೀರು ಹಿಡಿಯುವಾಗ ಮಾತ್ರ ಹತ್ತುವ ಮೆಷಿನ್ ಆದರೆ ಗಂಟೆ ಲೆಕ್ಕದಲ್ಲಿ ಜಾಸ್ತಿ ದಿನ ಬರಬೇಕು. ಆದರೆ ಪದೇ ಪದೇ ಹತ್ತಿ ಆರಿದರೂ ದೀಪ ಸವೆಯುತ್ತದೆ. ನಾನಂತೂ ವರ್ಷಕ್ಕೊಂದು ಎನ್ನುತ್ತೇನೆ. ನಾಲ್ಕು ವರ್ಷ ಅಂದರೆ ಈಗ ಅದು ಬರೀ ದೀಪಾಲಂಕಾರ.

ದೀಪದ ಸುತ್ತ ಒಂದು ಗಾಜಿನಂಥ ಕ್ವಾರ್ಟ್ಜ್ ಕೊಳವೆ ಇರುತ್ತದೆ. ಅದರ ಮೇಲೆ ಬಿಳಿ ಅಥವಾ ಕಂದು ಪದರ ಕಟ್ಟಿದ್ದರೆ ಹೊಸ ದೀಪ ಹಾಕಿಯೂ ಪ್ರಯೋಜನವಿಲ್ಲ. ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಿನಲ್ಲಿ ನೆನೆಸಿ ಮೆತ್ತನೆ ಬಟ್ಟೆಯಲ್ಲಿ ಒರೆಸಲು ಸರ್ವಿಸಿನವರಿಗೆ ಹೇಳಿ. ಎಎಂಸಿ (ವಾರ್ಷಿಕ ಸರ್ವಿಸ್ ಒಪ್ಪಂದ) ಇದ್ದರೂ ಎಷ್ಟೋ ಮಂದಿ ಅದನ್ನು ಬಿಚ್ಚಿಯೇ ನೋಡುವುದಿಲ್ಲ.

ಮಳೆಗಾಲದಲ್ಲಿ ನಲ್ಲಿಯಲ್ಲಿ ಕೆಂಪು ನೀರು ಬಂದರೆ ಯುವಿಯನ್ನು ನಂಬಬೇಡಿ. ಮಣ್ಣಿನ ಕಣದ ಹಿಂದೆ ಕೂತ ರೋಗಾಣುವಿಗೆ ಕೊಡೆ ಹಿಡಿದ ಹಾಗೆ, ಬೆಳಕು ತಾಗುವುದೇ ಇಲ್ಲ. ನೀರು ತಿಳಿಯಾಗುವ ತನಕ ಕುದಿಸಿಯೇ ಕುಡಿಯಿರಿ.

ಪ್ರಶ್ನೆ (ಅದೇ ಮೇಡಂ): ಯುವಿಯಿಂದ ಬಂದ ನೀರನ್ನು ಹಿಂದಿನ ದಿನವೇ ಬಿಂದಿಗೆಗೆ ತುಂಬಿಡುತ್ತೇನೆ. ತೊಂದರೆ ಇಲ್ಲ ಅಲ್ವಾ?

ಉತ್ತರ: ಬಿಂದಿಗೆ ಚೊಕ್ಕವಾಗಿದ್ದರೆ ಇಲ್ಲ. ಒಂದು ತಿಳಿದಿರಲಿ. ಯುವಿ ರೋಗಾಣುವಿನ ಡಿಎನ್‌ಎ ಕೆಡಿಸಿ, ಅದು ಸಂತಾನ ಬೆಳೆಸದ ಹಾಗೆ ಮಾಡುತ್ತದೆ. ಆಮೇಲೆ ನೀರಿನಲ್ಲಿ ಅದರ ಕಾವಲು ಏನೂ ಉಳಿಯುವುದಿಲ್ಲ. ಕಾರ್ಪೊರೇಷನ್ ಹಾಕಿದ ಕ್ಲೋರಿನ್ ಸ್ವಲ್ಪ ಉಳಿದಿರುತ್ತಿತ್ತು, ಅದನ್ನೂ ನಿಮ್ಮ ಮೆಷಿನ್ನಿನ ಕಾರ್ಬನ್ ಫಿಲ್ಟರ್ ಹೀರಿಕೊಂಡಿರುತ್ತದೆ. ಹಾಗಾಗಿ ಮನೆಯಲ್ಲಿ ಯಾರೋ ಬೆರಳು ಅದ್ದಿ ಲೋಟ ಮುಳುಗಿಸಿದರೆ ಮುಗಿಯಿತು. ನಲ್ಲಿ ಇರುವ ಪಾತ್ರೆ ಒಳ್ಳೆಯದು.

ಪ್ರಶ್ನೆ (ಪಾವಗಡದ ಹತ್ತಿರದಿಂದ): ಅಣ್ಣಾ, ನಮ್ಮದು ಬೋರ್‌ವೆಲ್ ನೀರು. ಮಗನ ಹಲ್ಲಿನ ಮೇಲೆ ಕಂದು ಗೆರೆ ಬಂದಿದೆ. ಫ್ಲೋರೈಡ್ ಅನ್ನುತ್ತಾರೆ. ಯುವಿ ಹಾಕಿಸಿದರೆ ಹೋಗುತ್ತದಾ? ಕುದಿಸಿದರೆ?

ಉತ್ತರ: ಎರಡರಿಂದಲೂ ಹೋಗುವುದಿಲ್ಲ ತಮ್ಮಾ. ಬೆಳಕು ಫ್ಲೋರೈಡನ್ನು ಏನೂ ಮಾಡುವುದಿಲ್ಲ. ನೈಟ್ರೇಟ್, ಕಬ್ಬಿಣ, ಗಡಸುತನ ಇವಕ್ಕೂ ಅದೇ ಮಾತು. ಕುದಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5. ಮೊದಲು ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸು. ಜಾಸ್ತಿ ಬಂದರೆ ನಿಮಗೆ ಆರ್‌ಓ ಹಾಕಿಸುವುದು ಸರಿ. ಊರಿನ ಶುದ್ಧ ನೀರಿನ ಘಟಕ ನಡೆಯುತ್ತಿದ್ದರೆ ಕುಡಿಯಲಿಕ್ಕೂ ಅಡುಗೆಗೂ ಅಲ್ಲಿಂದಲೇ ತನ್ನಿ. ಅಡುಗೆಯನ್ನು ಮರೆಯಬೇಡ, ಸಾರು ಅನ್ನದ ಮೂಲಕವೂ ಫ್ಲೋರೈಡ್ ಒಳಗೆ ಹೋಗುತ್ತದೆ.

ನನ್ನನ್ನು ಕೇಳಿದರೆ ಚಾವಣಿಯ ಮಳೆನೀರು ಹಿಡಿಯುವುದು ಎಲ್ಲಕ್ಕಿಂತ ಮೇಲು. ಅದರಲ್ಲಿ ಫ್ಲೋರೈಡಿನ ಕಾಟವಿಲ್ಲ. ಇರುವುದು ಹಕ್ಕಿಯ ಹಿಕ್ಕೆ, ಎಲೆ, ಧೂಳು. ಮೊದಲ ಮಳೆ ಹರಿಯಲು ಬಿಟ್ಟು, ಆಮೇಲಿನದನ್ನು ಸೋಸಿ, ಕುಡಿಯುವಾಗ ಯುವಿ ಹಾಯಿಸಿದರೆ ಸಾಕು. ಯುವಿಗೆ ಹೇಳಿ ಮಾಡಿಸಿದ ನೀರು ಅದು.

ಪ್ರಶ್ನೆ: ನಮ್ಮ ತೋಟದ ಮನೆಯಲ್ಲಿ ಕರೆಂಟ್ ಇಲ್ಲ, ಬಾವಿ ನೀರು. ಬಾಟಲಿಯಲ್ಲಿ ಬಿಸಿಲಿಗೆ ಇಟ್ಟರೆ ಶುದ್ಧವಾಗುತ್ತದೆ ಎನ್ನುವುದು ನಿಜವಾ?

ಉತ್ತರ: ನಿಜ. ಬಿಸಿಲಿನಲ್ಲೂ ಯುವಿ ಇದೆ, ಆದರೆ ದೀಪದಷ್ಟು ಚುರುಕಲ್ಲ. ಎರಡು ಲೀಟರ್ ಮೀರದ, ಬಣ್ಣವಿಲ್ಲದ ಪೆಟ್ ಪ್ಲಾಸ್ಟಿಕ್ ಬಾಟಲಿಯ ಲೇಬಲ್ ಕಿತ್ತು, ನೀರು ತುಂಬಿ, ಬಿಸಿಲು ಬೀಳುವ ತಗಡು ಶೀಟಿನ ಮೇಲೆ ಮಲಗಿಸಿ 6 ಗಂಟೆ ಬಿಡಿ. ಅರ್ಧಕ್ಕಿಂತ ಹೆಚ್ಚು ಮೋಡವಿದ್ದರೆ ಎರಡು ದಿನ. ಬಿಡದೆ ಮಳೆ ಸುರಿಯುವ ದಿನ ಇದು ನಡೆಯುವುದಿಲ್ಲ, ಒಲೆಯೇ ಗತಿ. ನೀರು ತಿಳಿಯಾಗಿದೆಯಾ ಅಂತ ನೋಡಲು ಬಾಟಲಿಯನ್ನು ಪತ್ರಿಕೆಯ ತಲೆಬರಹದ ಮೇಲೆ ನೆಟ್ಟಗೆ ನಿಲ್ಲಿಸಿ ಬಾಯಿಯ ಕಡೆಯಿಂದ ಇಣುಕಿ. ಅಕ್ಷರ ಓದಲು ಬಂದರೆ ಸರಿ. ಇಲ್ಲದಿದ್ದರೆ ಮೊದಲು ಸೋಸಿಕೊಳ್ಳಿ.

ಪ್ರಶ್ನೆ: ಕುದಿಸುವುದೇ ಆದರೆ ಎಷ್ಟು ಹೊತ್ತು? ನಮ್ಮತ್ತೆ ಇಪ್ಪತ್ತು ನಿಮಿಷ ಅನ್ನುತ್ತಾರೆ.

ಉತ್ತರ: ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ. ಅತ್ತೆಗೆ ನಾನು ಹೇಳಿದೆ ಅಂತ ಹೇಳಬೇಡಿ.

ಪ್ರಶ್ನೆ (ಮೈಸೂರಿನ ಮೇಡಂ): ಸರ್, ಯಜಮಾನರು ಮೆಷಿನ್ ಬಿಚ್ಚಿ ದೀಪ ಹತ್ತಿಸಿ ನೋಡುತ್ತೇನೆ ಅನ್ನುತ್ತಿದ್ದಾರೆ.

ಉತ್ತರ: ಬೇಡವೇ ಬೇಡ! ಮುಚ್ಚಳ ತೆಗೆದ ದೀಪವನ್ನು ನೇರವಾಗಿ ನೋಡಿದರೆ ಆಗ ಏನೂ ಅನ್ನಿಸುವುದಿಲ್ಲ. ಕೆಲವು ಗಂಟೆ ಬಿಟ್ಟು ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ ಶುರುವಾಗುತ್ತದೆ. ಪ್ಲಗ್ ಕಿತ್ತು ಆಮೇಲೆ ಬಿಚ್ಚಲಿ. ಹಳೆಯ ದೀಪದಲ್ಲಿ ಪಾದರಸ ಇರುತ್ತದೆ, ಒಡೆದು ಕಸಕ್ಕೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಹೊಸ ದೀಪ ಹಾಕಿದ ತಾರೀಖನ್ನು ಮಾರ್ಕರ್‌ನಲ್ಲಿ ಮೆಷಿನ್ ಪಕ್ಕಕ್ಕೇ ಬರೆಯಿಸಿ. ಮೊದಲ ಎರಡು ಮೂರು ಲೀಟರ್ ನೀರು ಗಿಡಕ್ಕೆ.