ನಾನು ಫೋನೇ ಮಾಡಿಲ್ಲ, ಜನ ವಾಪಸ್ ಮಾಡಿ ಬೈತಿದ್ದಾರೆ!

ತಿಪಟೂರು ಟೈಲರ್:
ನಮ್ಮ ಟೈಲರಿಂಗ್ ಅಂಗಡಿ ಬೋರ್ಡ್ ಮೇಲಿರೋದೇ ನನ್ನ ಮೊಬೈಲ್ ನಂಬರ್. ಸೋಮವಾರದಿಂದ ಗುರುತೇ ಇಲ್ಲದವರೆಲ್ಲ ಫೋನ್ ಮಾಡಿ "ಈಗ ತಾನೇ ಮಾಡಿದ್ರಲ್ಲ, ಯಾರ್ರೀ ನೀವು?" ಅಂತಾರೆ. ಇವತ್ತು ಬೆಳಿಗ್ಗೆ ಒಬ್ಬಮ್ಮ ಅಳ್ತಾ, "ಸಾರ್, ನನ್ನ ಮಗನ್ನ ಯಾವ ಸ್ಟೇಷನ್‌ನಲ್ಲಿ ಇಟ್ಟಿದೀರಾ, ಬಿಟ್ಬಿಡಿ" ಅಂದ್ರು. ಬ್ಲೌಸಿಗೆ ಹುಕ್ಕು ಹಾಕ್ತಾ ಕೂತಿದ್ದೆ, ಆಮೇಲೆ ಕೈಯೇ ಆಡ್ಲಿಲ್ಲ. ನನ್ನ ಕಾಲ್ ಲಿಸ್ಟಲ್ಲಿ ಆ ನಂಬರಿಗೆ ಮಾಡಿದ್ದೇ ಇಲ್ಲ. ಸಿಮ್ ಡೂಪ್ಲಿಕೇಟ್ ಆಗಿದ್ಯಾ? ನಂಬರ್ ಬದಲಾಯಿಸೋಣ ಅಂದ್ರೆ ಹಳೇ ಗಿರಾಕಿಗಳೆಲ್ಲ ಇದಕ್ಕೇ ಮಾಡೋದು.

ಮಂಜು:
ಫೋನ್ ಹ್ಯಾಕ್ ಆಗಿದೆ ಅಣ್ಣ, ಫಾರ್ಮ್ಯಾಟ್ ಹೊಡೀರಿ.

ಎಕ್ಸ್‌ಚೇಂಜ್ ಮಾವ:
ಫಾರ್ಮ್ಯಾಟ್ ಹೊಡೆದ್ರೆ ಗಿರಾಕಿಗಳ ಅಳತೆ ಫೋಟೋ ಹೋಗುತ್ತೆ, ಅಷ್ಟೇ! ಸಿಮ್ ಡೂಪ್ಲಿಕೇಟ್ ಆಗಿದ್ದಿದ್ರೆ ನಿಮ್ಮ ಫೋನಲ್ಲಿ ನೆಟ್‌ವರ್ಕೇ ಸತ್ತಿರೋದು, ಆಯಮ್ಮನ ಕಾಲ್ ನಿಮಗೆ ಬರ್ತಾನೇ ಇರ್ಲಿಲ್ಲ. ಇಂಟರ್ನೆಟ್ ಮೇಲೆ ಬರೋ ಕರೆಯಲ್ಲಿ "ಯಾರಿಂದ" ಅನ್ನೋ ಜಾಗ ತುಂಬೋದು ಕರೆ ಕಳಿಸೋರೇ. ಲಕೋಟೆ ಹಿಂದೆ ಯಾರದೋ ವಿಳಾಸ ಬರೆದ ಹಾಗೆ, ಪೊಲೀಸ್ ಅಂತ ಹೆದರಿಸಿ ದುಡ್ಡು ಕೀಳೋ ವಂಚಕರು ಅಲ್ಲಿ ನಿಮ್ಮ ನಂಬರ್ ಹಾಕಿದಾರೆ. ವಾಪಸ್ ಡಯಲ್ ಮಾಡಿದ್ರೆ ಮಾತ್ರ ಅದು ನಿಜವಾದ ಸಿಮ್‌ಗೇ ಬರೋದು.

ಹೊರದೇಶದಿಂದ ಹೀಗೆ +91 ವೇಷ ಹಾಕಿ ಬರೋ ಕರೆ ತಡೆಯೋಕೆ 2024ರ ಅಕ್ಟೋಬರ್‌ನಲ್ಲಿ ಟೆಲಿಕಾಂ ಇಲಾಖೆ ಒಂದು ವ್ಯವಸ್ಥೆ ತಂತು. 24 ಗಂಟೆಯಲ್ಲಿ 1.35 ಕೋಟಿ ಕರೆ ಸಿಕ್ಕಿಬಿದ್ವು. ಸಾರಾಸಗಟಾಗಿ ಎಲ್ಲಾ ತಡೆಯೋಕೂ ಆಗಲ್ಲ. ದುಬೈಗೆ ಹೋದವರು ರೋಮಿಂಗಲ್ಲಿ ಮನೆಗೆ ಮಾಡೋ ಕರೆಯಲ್ಲೂ +91 ಇರುತ್ತಲ್ಲ.

ನಂಬರ್ ಬದಲಾಯಿಸ್ಬೇಡಿ. ಈ ವಂಚಕರು ಒಂದೇ ನಂಬರಿಗೆ ಅಂಟ್ಕೊಂಡು ಕೂರೋ ಜನ ಅಲ್ಲ. ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ನಿಮ್ಮ ಹೆಸರಿಗೆ ಎಷ್ಟು ಸಿಮ್ ಇವೆ ನೋಡ್ಕೊಳ್ಳಿ. ಸ್ಟೇಷನ್‌ಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ, ನಾಳೆ ಪೊಲೀಸ್ರು ನಿಮ್ಮನ್ನೇ ಕೇಳಿದ್ರೆ ತೋರಿಸ್ಬೇಕಾಗುತ್ತೆ.

ತಿಪಟೂರು ಟೈಲರ್:
ನೋಡ್ದೆ ಸಾರ್, ನನ್ನ ಹೆಸರಲ್ಲಿ ಇದೊಂದೇ ಸಿಮ್. ಆದ್ರೆ ಆಯಮ್ಮ ದುಡ್ಡು ಕಳಿಸ್ಬಿಟ್ಟಿದ್ರೆ?

ಎಕ್ಸ್‌ಚೇಂಜ್ ಮಾವ:
ಅವರ ನಂಬರ್ ನಿಮ್ಮ ಹತ್ರ ಇದೆಯಲ್ಲ, ಈಗಲೇ ಮಾಡಿ. ಮೊದಲು ಮಗನಿಗೆ ಅವರೇ ಡಯಲ್ ಮಾಡ್ಲಿ. ಕಳಿಸಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಹೇಳ್ಬೇಕು. ತಡ ಆದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಜಾರುತ್ತೆ.

ತಿಪಟೂರು ಟೈಲರ್:
ಮಾಡ್ದೆ. ಮೊದಲು ನನ್ನ ನಂಬರ್ ನೋಡಿ ಎತ್ಲೇ ಇಲ್ಲ, ಹೆಂಡತಿ ಫೋನಿಂದ ಮಾಡ್ಬೇಕಾಯ್ತು. ಮಗ ಕ್ಲಾಸಲ್ಲಿ ಫೋನ್ ಆಫ್ ಮಾಡಿದ್ನಂತೆ. ದುಡ್ಡು ಹೋಗಿಲ್ಲ. ಇರಿ, ಮತ್ಯಾರೋ ಬೈಯೋಕೆ ಮಾಡ್ತಿದಾರೆ.